ಸೊಂಟಕ್ಕೊಂದು ಸಂಚಿ



ಮೊದಲ ಮಳೆ ಬಿದ್ದಿದೆ. ರಾತ್ರಿ ಗುಡುಗು ಜೋರಿತ್ತು. ಬೆಳಿಗ್ಗೆ ಪಕ್ಕದ ಮನೆಯಿಂದ ಕರೆ ಬರ್ತದೆ.

"ಗುಡ್ಡೆಗೆ ಹೋಗುವನಾ? ಕಲ್ಲಣಬೆ ಎದ್ದಿರಬಹುದು."

"ಹೋಗುವ. ಒಂದು ಗಳಿಗೆ ನಿಲ್ಲು. ದನಕ್ಕೆ ಹುಲ್ಲು ಹಾಕಿ ಬರ್ತೇನೆ."

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಾದ ನಮಗೆ ಇದು ಹೊಸತಲ್ಲ. ಕಲ್ಲಣಬೆ ಕೊಡೆಯ ಹಾಗೆ ಅರಳುವುದಿಲ್ಲ. ಗೋಲಿಯ ಹಾಗೆ ಉರುಟಾಗಿ ಮಣ್ಣಿನಲ್ಲಿ ಅಡಗಿರುತ್ತದೆ. ಮುರಕಲ್ಲಿನ ಗುಡ್ಡೆಯಲ್ಲಿ, ಮರದ ಬುಡದಲ್ಲಿ, ಕೋಲಿನಿಂದ ಮಣ್ಣು ಕೆದಕಿ ಹುಡುಕಬೇಕು. ಕೊಯ್ದು ನೋಡಿದರೆ ಒಳಗೆ ಬೆಳ್ಳಗೆ ಇರಬೇಕು. ಕಪ್ಪಾಗಿದ್ದರೆ ಅದು ಬಲಿತಿದೆ. ಪದಾರ್ಥಕ್ಕೆ ಆಗದು.

ಈಗ ನಮ್ಮ ಕೈಗಳನ್ನು ಲೆಕ್ಕ ಮಾಡೋಣ. ಒಂದು ಕೈಯಲ್ಲಿ ಕೋಲು. ಇನ್ನೊಂದು ಕೈಯಲ್ಲಿ ಅಣಬೆ ಹೆಕ್ಕಬೇಕು. ಹೆಕ್ಕಿದ್ದನ್ನು ಎಲ್ಲಿ ಹಾಕುವುದು? ಸೆರಗಿನಲ್ಲಿ. ಸೆರಗನ್ನು ಹಿಡಿಯಲು ಮತ್ತೊಂದು ಕೈ ಬೇಕು. ಆ ಮೂರನೆಯ ಕೈ ನಮಗೆ ಇಲ್ಲ.

ನಮ್ಮಲ್ಲೊಬ್ಬರು ಹೀಗೆಯೇ ಸೆರಗು ತುಂಬ ಅಣಬೆ ಕಟ್ಟಿಕೊಂಡು ಇಳಿಯುತ್ತಿದ್ದರು. ಮಳೆಗೆ ಕಲ್ಲು ಪಾಚಿ ಕಟ್ಟಿತ್ತು. ಕಾಲು ಜಾರಿತು. ಕೈ ಊರಲು ಕೈ ಖಾಲಿ ಇರಲಿಲ್ಲ. ಮೊಣಕಾಲು ಒಡೆಯಿತು. ಸೊಂಟಕ್ಕೆ ಸಿಕ್ಕಿಸಿದ್ದ ಕತ್ತಿ ತೊಡೆಗೆ ತಾಗಿತು. ಆರು ಹೊಲಿಗೆ ಬಿತ್ತು. ಒಂದು ತಿಂಗಳು ಬೀಡಿ ಕಟ್ಟಲು ಕೂರಲಾಗಲಿಲ್ಲ. ಆ ತಿಂಗಳ ಮಜೂರಿ ಹೋಯಿತು. ಅಣಬೆಯೂ ಹೋಯಿತು.

ಆ ಮೇಲೆ ನಾವು ಯೋಚನೆ ಮಾಡಿದೆವು. ಪ್ಲಾಸ್ಟಿಕ್ ಚೀಲ ಒಯ್ದು ನೋಡಿದೆವು. ಅದರಲ್ಲಿ ಅಣಬೆ ಬೆವರುತ್ತದೆ. ಮನೆ ಮುಟ್ಟುವಾಗ ಲೋಳೆ ಬಂದಿರುತ್ತದೆ. ಬುಟ್ಟಿ ಒಯ್ದರೆ ಅದನ್ನು ಹತ್ತು ಹತ್ತು ಹೆಜ್ಜೆಗೆ ಇಡಬೇಕು, ಎತ್ತಬೇಕು. ಹೆಗಲಿನ ಚೀಲ ಬಗ್ಗಿದಾಗ ಮುಂದೆ ಬಂದು ಮುಖಕ್ಕೆ ಹೊಡೀತದೆ.

ಆಗ ನಮಗೆ ತಾಳೆಮರ, ತೆಂಗಿನಮರ ಏರಿ ಶೇಂದಿ ಇಳಿಸುವವರ ನೆನಪಾಯಿತು. ಅವರ ಕತ್ತಿ ಎಲ್ಲಿ ಇರುತ್ತದೆ? ಸೊಂಟದಲ್ಲಿ. ಮರ ಏರುವವನಿಗೆ ಎರಡೂ ಕೈ ಬೇಕು. ಅದಕ್ಕೆ ಅವನ ಸಾಮಾನೆಲ್ಲ ಸೊಂಟಕ್ಕೆ ಹೋಯಿತು. ಗುಡ್ಡೆ ಏರುವವಳಿಗೆ ಮಾತ್ರ ಯಾಕೆ ಬೇಡ?

ಹೀಗೆ ನಾವು ಸೊಂಟಕ್ಕೆ ಕಟ್ಟುವ ಸಂಚಿ ಹೊಲಿಯಲು ಕಲಿತೆವು. ದಪ್ಪ ಕ್ಯಾನ್ವಾಸ್ ಬಟ್ಟೆಯ ಸಂಚಿ. ತಳಕ್ಕೆ ತೊಗಲು. ಸೊಂಟಕ್ಕೆ ತೊಗಲಿನ ಪಟ್ಟಿ. ಮೊದಲನೆಯದು ಚಂದ ಬರಲಿಲ್ಲ. ಎರಡನೆಯದೂ ಬರಲಿಲ್ಲ. ಮೂರನೆಯದು ಬಂತು. ಅದನ್ನು ಹೊಲಿಯುವ ಕ್ರಮ ಇಲ್ಲಿದೆ.

ಸಂಚಿ ಎಂಬ ಮಾತು

ಸಂಚಿ ಎಂದರೆ ಸಣ್ಣ ಚೀಲ. ಎಲೆ ಅಡಿಕೆ ಇಡುವ ಚೀಲಕ್ಕೆ ನಮ್ಮ ಅಜ್ಜಿಯರು ಚಂಚಿ ಎಂದೂ ಹೇಳುತ್ತಿದ್ದರು. ಅದು ಸೊಂಟದಲ್ಲಿ ಸಿಕ್ಕಿಸಿಕೊಂಡೇ ಇರುತ್ತಿತ್ತು. ಅದರಲ್ಲಿ ಎಲೆ, ಅಡಿಕೆ, ಸುಣ್ಣದ ಕರಡಿಗೆ, ಅಡಿಯಲ್ಲಿ ನಾಲ್ಕು ಕಾಸು.

ಮುನ್ನೂರು ವರ್ಷಗಳ ಹಿಂದೆ ಮೈಸೂರಿನಲ್ಲಿ ಹೊನ್ನಮ್ಮ ಎಂಬವಳಿದ್ದಳು. ಆಗ ಚಿಕ್ಕದೇವರಾಜ ಒಡೆಯರು ಅರಸರು. ಅರಮನೆಯಲ್ಲಿ ರಾಣಿಯ ಎಲೆ ಅಡಿಕೆಯ ಸಂಚಿ ಹಿಡಿಯುವುದು ಹೊನ್ನಮ್ಮನ ಕೆಲಸ. ಅದಕ್ಕೇ ಅವಳನ್ನು ಸಂಚಿಯ ಹೊನ್ನಮ್ಮ ಎಂದು ಕರೆದರು. ಅವಳು ಓದು ಬರಹ ಕಲಿತಳು. 'ಹದಿಬದೆಯ ಧರ್ಮ' ಎಂಬ ಕಾವ್ಯ ಬರೆದಳು. ಅದನ್ನು ಈಗಲೂ ಓದುತ್ತಾರೆ. ಅವಳು ಹಿಡಿದದ್ದು ಬೇರೆಯವರ ಸಂಚಿ. ನಾವು ಹೊಲಿಯುವುದು ನಮ್ಮದೇ ಸಂಚಿ.

ಸಂಚಿಯಲ್ಲಿ ಏನು ಬೀಳುತ್ತದೆ?

ಹೊಲಿಯುವ ಮೊದಲು ಇದನ್ನು ಕೇಳಿಕೊಳ್ಳಬೇಕು. ತುಂಬುವುದು ಏನೆಂದು ತಿಳಿಯದೆ ಚೀಲ ಹೊಲಿದರೆ ಅದು ಗೋಡೆಯಲ್ಲಿ ನೇತಾಡುತ್ತದೆ ಅಷ್ಟೆ.

ನಮ್ಮ ಗುಡ್ಡೆ ವರ್ಷವಿಡೀ ಏನಾದರೂ ಕೊಡುತ್ತದೆ. ಚಳಿ ಕಳೆಯುವಾಗ ಸೀಗೆಕಾಯಿ, ಅಂಟುವಾಳ. ಸೀಗೆಗೆ ಮುಳ್ಳು. ತೆಳು ಬಟ್ಟೆಯಾದರೆ ಹರಿದು ಹೋಗುತ್ತದೆ. ಬೇಸಿಗೆಯಲ್ಲಿ ಪುನರ್ಪುಳಿ. ಅದರ ರಸ ತಾಗಿದ ಬಟ್ಟೆಯ ಕಲೆ ಜನ್ಮಕ್ಕೂ ಹೋಗುವುದಿಲ್ಲ. ಮಳೆ ಶುರುವಾದರೆ ಅಣಬೆ, ತಗಟೆ ಸೊಪ್ಪು, ತಿಮರೆ. ತಗಟೆಗೆ ನಾವು ತಜಂಕ್ ಎನ್ನುತ್ತೇವೆ. ಮಳೆ ಬಲವಾದಾಗ ಕಣಿಲೆ, ಉಪ್ಪಾಗೆ. ಮೂಡುಬಿದಿರೆಯ ಹೆಸರಿನಲ್ಲೇ ಬಿದಿರು ಉಂಟಲ್ಲ! ಆದರೆ ಕಣಿಲೆ ಈ ಸಂಚಿಗೆ ಹಿಡಿಯದು. ಅದಕ್ಕೆ ಬುಟ್ಟಿಯೇ ಸರಿ.

ಅಂದರೆ ನಮ್ಮ ಸಂಚಿಗೆ ಮೂರು ಗುಣ ಬೇಕು. ಮುಳ್ಳಿಗೆ ಹರಿಯಬಾರದು. ಗಾಳಿ ಆಡಬೇಕು. ತೊಳೆಯಲು ಬರಬೇಕು. ಕ್ಯಾನ್ವಾಸಿನಲ್ಲಿ ಮೊದಲಿನ ಎರಡೂ ಉಂಟು. ಅದು ಹತ್ತಿಯ ಬಟ್ಟೆ. ಒತ್ತಾಗಿ ನೇಯ್ದದ್ದು. ಆದರೂ ಉಸಿರಾಡುತ್ತದೆ. ಮೂರನೆಯ ಗುಣಕ್ಕೆ ನಾವೊಂದು ಉಪಾಯ ಮಾಡಿದ್ದೇವೆ. ಸಂಚಿಯೊಳಗೆ ಹಳೆ ಸೀರೆಯ ತುಂಡಿನ ಒಂದು ಒಳಚೀಲ. ಅದನ್ನು ಹೊಲಿದು ಬಿಡಬಾರದು. ಬಿಡಿಯಾಗಿ ಇಡಬೇಕು. ಮನೆಗೆ ಬಂದು ಒಳಚೀಲವನ್ನು ಎತ್ತಿದರೆ ಮುಗಿಯಿತು. ಪುನರ್ಪುಳಿ ತರುವ ದಿನ ಒಳಚೀಲದ ಅಡಿಗೆ ಅಡಿಕೆ ಹಾಳೆಯ ಒಂದು ತುಂಡು ಹಾಕಿ. ರಸ ಕೆಳಗೆ ಇಳಿಯುವುದಿಲ್ಲ.

ಒಂದು ಮಾತು ಇಲ್ಲೇ ಹೇಳಿ ಬಿಡುತ್ತೇವೆ. ಗೊತ್ತಿಲ್ಲದ ಅಣಬೆ ಬೇಡ. ಕೆಲವು ವಿಷದ ಅಣಬೆಗಳು ಬೇಯಿಸಿದರೂ ವಿಷವೇ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಇಲ್ಲದಿದ್ದರೆ ಇಲ್ಲ ಎಂಬ ಮಾತು ಸುಳ್ಳು. ಹಿರಿಯರು ಗುರುತಿಸಿ ಕೊಟ್ಟದ್ದನ್ನು ಮಾತ್ರ ಸಂಚಿಗೆ ಹಾಕಿ.

ಬಟ್ಟೆ ಮತ್ತು ತೊಗಲು

ಕ್ಯಾನ್ವಾಸ್ ಹೊಸತೇ ಆಗಬೇಕೆಂದಿಲ್ಲ. ಹಳೆ ಡೇರೆಯ ತುಂಡು ಆಗ್ತದೆ. ಲಾರಿಗೆ ಹೊದೆಸುತ್ತಿದ್ದ ಹತ್ತಿಯ ಟರ್ಪಾಲು ಆಗ್ತದೆ. ಪ್ಲಾಸ್ಟಿಕ್ ಟರ್ಪಾಲು ಆಗದು. ಹಳೆ ಬಟ್ಟೆಯನ್ನು ಸಾಬೂನು ಹಾಕಿ ಎರಡು ಮೂರು ಸಲ ಒಗೆಯಿರಿ. ಹೊಸ ಬಟ್ಟೆಯನ್ನೂ ಒಮ್ಮೆ ಒಗೆಯಬೇಕು. ಒಗೆಯದೆ ಹೊಲಿದ ನಮ್ಮ ಮೊದಲನೆಯ ಸಂಚಿ ಮಳೆಯಲ್ಲಿ ನೆನೆದು ಕುಗ್ಗಿತು. ತೊಗಲು ಕುಗ್ಗಲಿಲ್ಲ. ಸಂಚಿ ಬೆನ್ನು ಬಾಗಿದ ಮುದುಕಿಯ ಹಾಗೆ ಆಯಿತು.

ಬಣ್ಣ ತಿಳಿಯಾದದ್ದು ಇರಲಿ. ಬಿಳಿ, ಇಲ್ಲವೇ ಖಾಕಿ. ಯಾಕೆಂದು ಮುಂದೆ ಹೇಳುತ್ತೇವೆ.

ತೊಗಲು ಎಲ್ಲಿ ಸಿಗುತ್ತದೆ? ಪೇಟೆಯಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ತುಂಡುಗಳು ಇರುತ್ತವೆ. ಕೇಳಿದರೆ ಕೊಡುತ್ತಾರೆ. ಹಣ ಕೊಟ್ಟೇ ತನ್ನಿ. ಅವರ ಹತ್ತಿರ ಇನ್ನೊಂದು ಸಿಗುತ್ತದೆ, ಅದಕ್ಕೆ ಬೆಲೆ ಕಟ್ಟಲಾಗದು. ತೂತು ಹೇಗೆ ಹಾಕುವುದು, ನೂಲು ಎಷ್ಟು ಬಿಗಿಯುವುದು ಎಂದು ಹತ್ತು ನಿಮಿಷ ನೋಡಿ ಬನ್ನಿ. ನಾವು ಮೂರು ದಿನದಲ್ಲಿ ಕಲಿಯದ್ದನ್ನು ಅಲ್ಲಿ ಒಂದು ಗಳಿಗೆಯಲ್ಲಿ ಕಲಿತೆವು.

ರೆಕ್ಸಿನ್ ಬೇಡ. ನೋಡಲು ತೊಗಲಿನ ಹಾಗೆ ಇರುತ್ತದೆ. ಒಂದೇ ಮಳೆಗಾಲದಲ್ಲಿ ಸಿಪ್ಪೆ ಏಳುತ್ತದೆ. ಗುರುತಿಸುವುದು ಸುಲಭ. ತಿರುಗಿಸಿ ಹಿಂಬದಿ ನೋಡಿ. ನಿಜ ತೊಗಲಿಗೆ ಹಿಂದೆ ನಯವಾದ ನಾರು ಇರುತ್ತದೆ. ರೆಕ್ಸಿನ್ನಿಗೆ ಹಿಂದೆ ಬಟ್ಟೆ ಇರುತ್ತದೆ.

ನಮ್ಮ ನಾಡಿನಲ್ಲಿ ಹಿಂದೆ ತೊಗಲನ್ನು ಹದ ಮಾಡುತ್ತಿದ್ದುದು ಮರದ ತೊಗಟೆ, ಕಾಯಿಗಳ ಒಗರಿನಿಂದ. ಅಣಿಲೆಕಾಯಿ ಗೊತ್ತುಂಟಲ್ಲ? ಮಕ್ಕಳ ಮದ್ದಿಗೆ ತೇಯುವ ಕಾಯಿ. ಅದೇ ಅಣಿಲೆಕಾಯಿ ತೊಗಲು ಹದ ಮಾಡಲೂ ಬೇಕು. ಕಾಡು ಕೊಟ್ಟ ಕಾಯಿಯಿಂದ ಹದವಾದ ತೊಗಲು ಮತ್ತೆ ಕಾಡಿಗೆ ಹೊರಡುತ್ತದೆ.

ಮೊದಲ ದಿನ ತೊಗಲು ತಂದಾಗ ನಮ್ಮಲ್ಲಿ ಒಂದು ಮನೆಯ ಅಜ್ಜಿ ಬಾಗಿಲಲ್ಲೇ ತಡೆದರು. "ತೊಗಲನ್ನು ಒಳಗೆ ತರಬೇಡ" ಅಂದರು. ನಾವು ಜಗಳಕ್ಕೆ ಹೋಗಲಿಲ್ಲ. ಜಗಲಿಯಲ್ಲಿ ಕುಳಿತೆವು. ಆಟಕ್ಕೆ ಚೆಂಡೆ ಬೇಕು, ಮದ್ದಳೆ ಬೇಕು. ಅದರ ಮೇಲೆ ಇರುವುದು ಏನಜ್ಜಿ ಎಂದು ಕೇಳಿದೆವು. ಅಜ್ಜಿ ಮಾತಾಡಲಿಲ್ಲ. ಸಂಜೆಗೆ ಒಂದು ಲೋಟ ಚಾ ತಂದಿಟ್ಟರು. ತೊಗಲಿನ ಕೆಲಸ ಮಾಡುವವರನ್ನು ದೂರ ಇಟ್ಟದ್ದು ನಮ್ಮ ಸಮಾಜದ ತಪ್ಪು. ಬಸವಣ್ಣನವರ ಕಾಲದಲ್ಲಿ, ಅಂದರೆ 12ನೇ ಶತಮಾನದಲ್ಲಿ, ಕಲ್ಯಾಣದಲ್ಲಿ ಹರಳಯ್ಯ ಎಂಬ ಶರಣರಿದ್ದರು. ಅವರ ಹೆಂಡತಿ ಕಲ್ಯಾಣಮ್ಮ. ಮೆಟ್ಟು ಹೊಲಿಯುವ ಗಂಡಹೆಂಡಿರು. ಅವರ ಕಥೆ ಇಂದಿಗೂ ಜನರ ಬಾಯಲ್ಲಿ ಉಂಟು. ಚರ್ಮದ ಕೆಲಸಗಾರರಿಗಾಗಿ ಕರ್ನಾಟಕ ಸರ್ಕಾರ 1976ರಲ್ಲಿ ಒಂದು ನಿಗಮವನ್ನೂ ಮಾಡಿತು. ಅದನ್ನು ಲಿಡ್ಕರ್ ಎನ್ನುತ್ತಾರೆ.

ತೊಗಲು ನಮಗೆ ಬೇಡವೇ ಬೇಡ ಎನ್ನುವವರು ಕ್ಯಾನ್ವಾಸನ್ನೇ ಎರಡು ಪದರ ಮಾಡಿ ತಳಕ್ಕೆ ಹಾಕಬಹುದು. ಸ್ವಲ್ಪ ಬೇಗ ಸವೆಯುತ್ತದೆ ಅಷ್ಟೆ.

ಅಳತೆ ಓದೋಣ

ಇಂಚು ಟೇಪು ತೆಗೆಯಿರಿ. ನಾವು ಕಲಿತ ಅಂಕಿಗಳು ಈಗ ಕೆಲಸಕ್ಕೆ ಬರುತ್ತವೆ.

ಸಂಚಿಯ ಅಗಲ 8 ಇಂಚು. ಎತ್ತರ 9 ಇಂಚು. ದಪ್ಪ 3 ಇಂಚು. ಇದಕ್ಕೆ ಸುಮಾರು ಮೂರೂವರೆ ಲೀಟರು ಹಿಡಿಯುತ್ತದೆ. ಇದಕ್ಕಿಂತ ದೊಡ್ಡದು ಮಾಡುವ ಆಸೆ ಆಗ್ತದೆ. ಬೇಡ. ನಮ್ಮ ಎರಡನೆಯ ಸಂಚಿ 12 ಇಂಚು ಎತ್ತರ ಇತ್ತು. ಕುಕ್ಕರುಗಾಲಲ್ಲಿ ಕುಳಿತಾಗ ತೊಡೆಗೆ ಒತ್ತುತ್ತಿತ್ತು. ಅದರಲ್ಲಿ ಈಗ ಬಟ್ಟೆ ಸಿಕ್ಕಿಸುವ ಕ್ಲಿಪ್ಪು ಇಡುತ್ತೇವೆ.

ಒಂದು ಉದ್ದದ ಪಟ್ಟಿ ಬೇಕು. ಅದರಲ್ಲೇ ಮುಂಭಾಗ, ತಳ, ಹಿಂಭಾಗ, ಮುಚ್ಚಳ ಎಲ್ಲ ಬರುತ್ತದೆ. ಲೆಕ್ಕ ಮಾಡಿ. ಮುಂಭಾಗ 9, ತಳ 3, ಹಿಂಭಾಗ 9, ಮುಚ್ಚಳ 7. ಕೂಡಿಸಿ. 28 ಆಯಿತು. ಅಂಚು ಮಡಚಲು ಎರಡು ತುದಿಗೂ ಅರ್ಧ ಅರ್ಧ ಇಂಚು. ಈಗ 29 ಇಂಚು. ಅಗಲ 8ಕ್ಕೆ ಎರಡು ಬದಿಯ ಅರ್ಧ ಅರ್ಧ ಇಂಚು ಸೇರಿ 9 ಇಂಚು.

ಎರಡು ಪಕ್ಕಗಳಿಗೆ ಎರಡು ತುಂಡು ಬೇಕು. ಒಂದೊಂದೂ 4 ಇಂಚು ಅಗಲ, 10 ಇಂಚು ಉದ್ದ. ಮಡಿಕೆ ಹೋಗಿ 3 ಮತ್ತು 9 ಉಳಿಯುತ್ತದೆ.

ತಳದ ತೊಗಲು 8 ಇಂಚು ಅಗಲ, 7 ಇಂಚು ಉದ್ದ. ತಳ ಇರುವುದು 3 ಇಂಚು. ಉಳಿದ 4 ಇಂಚಿನಲ್ಲಿ ಎರಡು ಮುಂದೆ ಏರುತ್ತದೆ, ಎರಡು ಹಿಂದೆ ಏರುತ್ತದೆ. ಕಲ್ಲಿಗೆ ಉಜ್ಜುವುದು ಈ ಭಾಗವೇ.

ಪಟ್ಟಿ ತೂರಲು ಹಿಂದೆ ಎರಡು ತೊಗಲಿನ ಹಿಡಿಕೆ. ಒಂದೊಂದು 4 ಇಂಚು ಉದ್ದ. ಮೇಲೆ 1 ಇಂಚು, ಕೆಳಗೆ 1 ಇಂಚು ಹೊಲಿಯಬೇಕು. ನಡುವೆ 2 ಇಂಚು ಬಿಡಬೇಕು. ಒಂದೂವರೆ ಇಂಚಿನ ಪಟ್ಟಿ ಅದರಲ್ಲಿ ಸಲೀಸಾಗಿ ಹೋಗುತ್ತದೆ.

ಸೊಂಟದ ಪಟ್ಟಿ ಹೊಸತು ತರಬೇಡಿ. ಮನೆಯ ಗಂಡಸರ ಹಳೆ ಬೆಲ್ಟು ಇರಬಹುದು. ಕೇಳಿ. ಕೇಳಿಯೇ ತೆಗೆಯಿರಿ! ಸೊಂಟದ ಅಳತೆಯನ್ನು ಸೀರೆಯ ಮೇಲೆ, ಕೆಲಸದ ಅಂಗಿಯ ಮೇಲೆ ತೆಗೆಯಬೇಕು. ಅದಕ್ಕೆ 8 ಇಂಚು ಸೇರಿಸಿ. ಸೊಂಟ 32 ಇದ್ದರೆ ಪಟ್ಟಿ 40.

ಕತ್ತರಿಸುವ ಮೊದಲು ಕಾಗದದಲ್ಲಿ ಅಚ್ಚು ಮಾಡಿ. ಬೀಡಿ ಎಲೆ ಕತ್ತರಿಸಲು ತಗಡಿನ ಅಚ್ಚು ಇಡುತ್ತೇವಲ್ಲ, ಹಾಗೆಯೇ. ಹಳೆ ಪೇಪರು ಸಾಕು. ಕಾಗದ ತಪ್ಪಿದರೆ ಇನ್ನೊಂದು ಕಾಗದ. ತೊಗಲು ತಪ್ಪಿದರೆ ಹಣ. ಮತ್ತೊಂದು ಮಾತು. ಬೀಡಿ ಎಲೆಯ ಕತ್ತರಿಯಿಂದ ಕ್ಯಾನ್ವಾಸ್ ಕತ್ತರಿಸಬೇಡಿ. ಬಾಯಿ ಮೊಂಡಾಗುತ್ತದೆ. ಮರುದಿನ ಎಲೆ ಹರಿಯುತ್ತದೆ. ನಷ್ಟ ನಮಗೇ.

ಹೊಲಿಗೆ

ಹೊಲಿಗೆ ಯಂತ್ರ ಇದ್ದವರು ಬಟ್ಟೆಯ ಅಂಚುಗಳನ್ನು ಯಂತ್ರದಲ್ಲಿ ಮಡಚಿ ಹೊಲಿಯಬಹುದು. ತೊಗಲನ್ನು ಮಾತ್ರ ಕೈಯಲ್ಲೇ ಹೊಲಿಯಬೇಕು. ಮನೆಯ ಯಂತ್ರದ ಸೂಜಿ ಮುರಿಯುತ್ತದೆ.

ಕೆಲಸದ ಕ್ರಮ ತಪ್ಪಬಾರದು. ಮೊದಲು ತಳದ ತೊಗಲನ್ನು ಉದ್ದ ಪಟ್ಟಿಗೆ ಹೊಲಿಯಿರಿ. ಆಮೇಲೆ ಹಿಂಬದಿಯ ಹಿಡಿಕೆಗಳು. ಹಿಡಿಕೆ ಬರುವಲ್ಲಿ ಬಟ್ಟೆಯ ಒಳಬದಿಗೂ ಒಂದು ತೊಗಲಿನ ತುಂಡು ಇಟ್ಟು ಹೊಲಿಯಿರಿ. ಭಾರವೆಲ್ಲ ಬೀಳುವುದು ಅಲ್ಲಿಗೇ. ಪಕ್ಕದ ತುಂಡುಗಳು ಕೊನೆಗೆ. ಪಕ್ಕಗಳನ್ನು ಮೊದಲೇ ಹೊಲಿದರೆ ಕೈ ಒಳಗೆ ಹೋಗುವುದಿಲ್ಲ. ನಾವು ಹಾಗೆ ಮಾಡಿ ಎಲ್ಲ ಬಿಚ್ಚಿದ್ದೇವೆ.

ತೊಗಲಿಗೆ ಸೂಜಿ ನೇರ ಇಳಿಯುವುದಿಲ್ಲ. ಮೊದಲು ತೂತು ಬೇಕು. ಹಿಡಿ ಇರುವ ಚೂಪು ಮೊನೆಯಿಂದ, ಅಡಿಗೆ ಮರದ ಹಲಗೆ ಇಟ್ಟು ಚುಚ್ಚಿ. ತೊಡೆಯ ಮೇಲೆ ಇಟ್ಟು ಚುಚ್ಚಬೇಡಿ. ಒಂದು ಇಂಚಿಗೆ ಐದು ತೂತು. ಹತ್ತಿರ ಹತ್ತಿರ ಹಾಕಿದರೆ ಗಟ್ಟಿ ಎಂದು ತಿಳಿಯಬೇಡಿ. ತೂತು ಹೆಚ್ಚಾದರೆ ತೊಗಲು ಅಂಚೆ ಚೀಟಿಯ ಹಾಗೆ ಗೆರೆಯಲ್ಲೇ ಹರಿಯುತ್ತದೆ.

ನೂಲು ದಪ್ಪದ್ದಿರಲಿ. ಜೇನುಮೇಣದ ಉಂಡೆಯ ಮೇಲೆ ಎರಡು ಸಲ ಎಳೆಯಿರಿ. ಮೇಣ ಹತ್ತಿದ ನೂಲು ನೀರು ಕುಡಿಯುವುದಿಲ್ಲ, ಜಾರುವುದಿಲ್ಲ.

ಒಂದು ನೂಲಿನ ಎರಡು ತುದಿಗೂ ಒಂದೊಂದು ದಬ್ಬಳ ಪೋಣಿಸಿ. ಮೊದಲ ತೂತಿನಲ್ಲಿ ನೂಲನ್ನು ನಡುವಿಗೆ ನಿಲ್ಲಿಸಿ. ಈಗ ಬಲಗೈಯ ದಬ್ಬಳ ಎರಡನೆಯ ತೂತಿನಲ್ಲಿ ಈ ಕಡೆಯಿಂದ ಆ ಕಡೆಗೆ. ಎಡಗೈಯ ದಬ್ಬಳ ಅದೇ ತೂತಿನಲ್ಲಿ ಆ ಕಡೆಯಿಂದ ಈ ಕಡೆಗೆ. ಎರಡನ್ನೂ ಎಳೆದು ಬಿಗಿಯಿರಿ. ಮುಂದಿನ ತೂತಿಗೂ ಹೀಗೇ. ಯಂತ್ರದ ಹೊಲಿಗೆಯಲ್ಲಿ ಒಂದು ಕಡೆ ನೂಲು ತುಂಡಾದರೆ ಸರ್ರನೆ ಬಿಚ್ಚಿಕೊಂಡು ಹೋಗುತ್ತದೆ. ಈ ಹೊಲಿಗೆಯಲ್ಲಿ ಒಂದು ತುಂಡಾದರೂ ಇನ್ನೊಂದು ಹಿಡಿದಿರುತ್ತದೆ. ಕೊನೆಗೆ ಮೂರು ತೂತು ಹಿಂದೆ ಬಂದು ನೂಲು ಕತ್ತರಿಸಿ.

ನೂಲು ಎಷ್ಟು ಬೇಕು? ಹೊಲಿಗೆಯ ಉದ್ದದ ನಾಲ್ಕು ಪಟ್ಟು. ಒಂದು ಪಕ್ಕದ ಹೊಲಿಗೆ 9, 3, 9. ಒಟ್ಟು 21 ಇಂಚು. 21ರ ನಾಲ್ಕು ಪಟ್ಟು 84 ಇಂಚು. 12 ಇಂಚಿಗೆ ಒಂದು ಅಡಿ. ಹಾಗಾದರೆ 7 ಅಡಿ ನೂಲು. ಒಂದು ಗೇಣು ಹೆಚ್ಚೇ ತೆಗೆಯಿರಿ.

ಮುಚ್ಚಳಕ್ಕೆ ಗುಂಡಿ ಬೇಡ, ಝಿಪ್ಪೂ ಬೇಡ. ಝಿಪ್ಪಿಗೆ ಮಣ್ಣು ಸಿಕ್ಕಿ ಕೂರುತ್ತದೆ. ಮುಚ್ಚಳದ ತುದಿಗೆ ಒಂದು ತೊಗಲಿನ ತುಂಡು ಹೊಲಿದರೆ ಸಾಕು. ಅದರ ಭಾರಕ್ಕೆ ಮುಚ್ಚಳ ತಾನೇ ಬೀಳುತ್ತದೆ. ಒಂದು ಬೆರಳಿನಿಂದ ಎತ್ತಬಹುದು.

ಕತ್ತಿ ಸಂಚಿಯೊಳಗೆ ಹೋಗಬಾರದು. ಅದಕ್ಕೆ ಬೇರೆ ಒರೆ. ತೊಗಲನ್ನು ಎರಡು ಮಡಿಕೆ ಮಾಡಿ, ಬಾಯಿಯ ಬದಿಗೆ ಇನ್ನೊಂದು ಸಣ್ಣ ಪಟ್ಟಿ ಸೇರಿಸಿ ಹೊಲಿಯಿರಿ. ಇಲ್ಲವಾದರೆ ಕತ್ತಿಯ ಬಾಯಿ ನೂಲನ್ನೇ ತಿನ್ನುತ್ತದೆ. ಸಂಚಿ ಎಡಕ್ಕೆ, ಕತ್ತಿ ಬಲಕ್ಕೆ ಸ್ವಲ್ಪ ಹಿಂದೆ. ಎಡಗೈಯವರು ಅದಲು ಬದಲು ಮಾಡಿ. ಸಂಚಿ ಹೊಟ್ಟೆಯ ಮುಂದೆ ಬರಬಾರದು. ಬಗ್ಗಿದಾಗ ತೊಂದರೆ.

ತರಗೆಲೆಯ ಮೇಲೆ ಇಡಬೇಡಿ

ತಿಳಿ ಬಣ್ಣದ ಬಟ್ಟೆ ಯಾಕೆ ಎಂದು ಹೇಳುತ್ತೇವೆ ಅಂದಿದ್ದೆವು. ಅದು ಉಣುಗಿನ ಸಲುವಾಗಿ.

ಮಂಗನ ಕಾಯಿಲೆಯ ಹೆಸರು ನಾವೆಲ್ಲ ಕೇಳಿದ್ದೇವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಅದನ್ನು ಮೊದಲು ಗುರುತಿಸಿದರು. ನಮ್ಮ ಬೆಳ್ತಂಗಡಿಗೆ ಅದು 1982ರ ಹೊತ್ತಿಗೆ ಬಂತು. ಗೇರು ತೋಟ ಮಾಡಲು ಕಾಡು ಕಡಿದ ಕಡೆಯಲ್ಲಿ ಎದ್ದಿತು. ಒಂದೆರಡು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಜನ ಜ್ವರ ಬಿದ್ದರು. ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಆ ದಿನಗಳನ್ನು ಕಂಡ ಹಿರಿಯರು ಈಗಲೂ ನಮ್ಮ ನಡುವೆ ಇದ್ದಾರೆ. ಕೇಳಿ ನೋಡಿ.

ಈ ರೋಗ ಮಂಗನಿಂದ ನೇರವಾಗಿ ಬರುವುದಲ್ಲ. ಕಾಡಿನ ಉಣುಗು ಕಚ್ಚಿ ಬರುತ್ತದೆ. ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ನೆಲಕ್ಕೆ ಇಳಿಯುತ್ತವೆ. ತರಗೆಲೆಯಲ್ಲಿ ಕಾಯುತ್ತವೆ. ಮರಿ ಉಣುಗು ಸಾಸಿವೆಗಿಂತ ಸಣ್ಣದು. ಕಚ್ಚಿದ್ದೂ ತಿಳಿಯದು. ಮಳೆ ನಿಂತ ಮೇಲೆ, ಡಿಸೆಂಬರಿನಿಂದ ಮೇ ತನಕ ಇದರ ಕಾಲ. ನಾವು ಸೀಗೆ, ಅಂಟುವಾಳ, ಪುನರ್ಪುಳಿಗೆ ಹೋಗುವ ಕಾಲವೂ ಅದೇ. ತರಗೆಲೆ ಗುಡಿಸುವ ಕಾಲವೂ ಅದೇ.

ಬುಟ್ಟಿಯನ್ನು, ಚೀಲವನ್ನು ತರಗೆಲೆಯ ಮೇಲೆ ಇಟ್ಟರೆ ಉಣುಗು ಹತ್ತುತ್ತದೆ. ಅಲ್ಲಿಂದ ಸೊಂಟಕ್ಕೆ, ತಲೆಗೆ ಬರುತ್ತದೆ. ಸೊಂಟದ ಸಂಚಿಯನ್ನು ನೆಲಕ್ಕೆ ಇಡುವ ಕೆಲಸವೇ ಇಲ್ಲ. ನಮಗೆ ಈ ಸಂಚಿ ಇಷ್ಟವಾದದ್ದು ಹೆಚ್ಚಾಗಿ ಇದಕ್ಕೇ. ತುಂಬಿದಾಗ ಬುಟ್ಟಿಗೆ ಸುರಿಯಿರಿ. ಬುಟ್ಟಿಯನ್ನು ಬಂಡೆಯ ಮೇಲೆ ಇಡಿ, ಇಲ್ಲವೇ ಕೊಂಬೆಗೆ ತೂಗು ಹಾಕಿ. ಬಿಳಿ ಬಟ್ಟೆಯ ಮೇಲೆ ಉಣುಗು ಓಡಿದರೆ ಕಣ್ಣಿಗೆ ಬೀಳುತ್ತದೆ.

ಆದರೆ ಸಂಚಿ ಒಂದೇ ಕಾಪಾಡುವುದಿಲ್ಲ. ಉದ್ದ ತೋಳಿನ ಅಂಗಿ ಹಾಕಿ. ರೋಗ ಕಂಡ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಡೆಪಾ ಎಂಬ ಎಣ್ಣೆ ಕೊಡುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಕೈಕಾಲಿಗೆ ಹಚ್ಚಿ ಹೋಗಿ. ಬಂದ ಕೂಡಲೇ ಬಿಸಿನೀರು, ಸಾಬೂನಿನ ಸ್ನಾನ. ಸೀರೆ, ಅಂಗಿ, ಒಳಚೀಲ ಎಲ್ಲ ಬಿಸಿನೀರಿಗೆ. ಒಳಚೀಲ ಬಿಡಿಯಾಗಿರಲಿ ಎಂದದ್ದು ಇದಕ್ಕೂ ಹೌದು. ತೊಗಲಿಗೆ ಬಿಸಿನೀರು ಆಗುವುದಿಲ್ಲ. ಸಂಚಿಯನ್ನು ಮಗುಚಿ ಕೊಡವಿ, ಹೊರಗೆ ನೇತು ಹಾಕಿ. ಹಾಸಿಗೆಯ ಹತ್ತಿರ ತರಬೇಡಿ.

ಕಾಡಿಗೆ ಹೋಗಿ ಬಂದ ಒಂದು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಆಸ್ಪತ್ರೆಗೆ ಹೋಗಿ. "ಕಾಡಿಗೆ ಹೋಗಿದ್ದೆ" ಎಂದು ಡಾಕ್ಟರಿಗೆ ಹೇಳಿ. ಹೇಳದಿದ್ದರೆ ಅವರಿಗೆ ತಿಳಿಯುವುದು ಹೇಗೆ? ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಈಗ ಕೊಡುವುದಿಲ್ಲ. ಕಾಡಿನಲ್ಲಿ ಮಂಗ ಸತ್ತದ್ದು ಕಂಡರೆ ಮುಟ್ಟಬೇಡಿ. ಪಂಚಾಯತಿಗೆ, ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಗುಡ್ಡೆ ಯಾರದು?

ಸಂಚಿ ಕಟ್ಟಿಕೊಂಡು ಹೊರಟಾಗ ಯಾರಾದರೂ ತಡೆದು ಕೇಳಬಹುದು. ಉತ್ತರ ನಮಗೆ ಗೊತ್ತಿರಬೇಕು.

ನಮ್ಮ ಜಿಲ್ಲೆಯಲ್ಲಿ ಕುಮ್ಕಿ ಜಾಗ ಎಂದು ಉಂಟು. ಹಳೆ ಕೃಷಿ ಜಮೀನಿಗೆ ತಾಗಿ 100 ಗಜದೊಳಗಿನ ಸರ್ಕಾರಿ ಜಾಗ ಅದು. ಅಲ್ಲಿ ಸೊಪ್ಪು, ಸೌದೆ ತೆಗೆಯುವ ಸವಲತ್ತು ಆ ಜಮೀನಿನವರಿಗೆ ಇದೆ. ಬೇರೆಯವರ ಕುಮ್ಕಿಯಾದರೆ ಕೇಳಿ ಹೋಗುವುದು ಒಳ್ಳೆಯದು. ಕುದುರೆಮುಖ ರಾಷ್ಟ್ರೀಯ ಉದ್ಯಾನ ಆದದ್ದು 1987ರಲ್ಲಿ. ಅದರ ಒಂದು ಭಾಗ ಬೆಳ್ತಂಗಡಿ ತಾಲೂಕಿನಲ್ಲಿ ಬರುತ್ತದೆ. ಅಲ್ಲಿ ಮನಸ್ಸಿಗೆ ಬಂದ ಹಾಗೆ ಕೊಯ್ಯಲು ಆಗುವುದಿಲ್ಲ.

ಆದರೆ 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಮಲೆಕುಡಿಯರಂಥ ಕಾಡಿನ ಬುಡಕಟ್ಟಿನವರಿಗೆ, ತಲೆತಲಾಂತರದಿಂದ ಕಾಡನ್ನು ನಂಬಿದ ಇತರರಿಗೆ ಜೇನು, ಬೆತ್ತ, ಬಿದಿರು, ಗೆಡ್ಡೆ, ಮದ್ದಿನ ಗಿಡಗಳಂಥ ಕಿರು ಅರಣ್ಯ ಉತ್ಪನ್ನಗಳ ಮೇಲೆ ಹಕ್ಕು ಕೇಳಲು ಅದರಲ್ಲಿ ದಾರಿ ಇದೆ. ಅರ್ಜಿ ಗ್ರಾಮಸಭೆಗೆ ಹೋಗಬೇಕು. ಈ ಕಾಯ್ದೆಯಲ್ಲಿ ಜಮೀನಿನ ಹಕ್ಕುಪತ್ರ ಸಿಕ್ಕರೆ ಅದರಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕು. ಓದಲು ಕಲಿತಿದ್ದೇವಲ್ಲ? ಪತ್ರ ಕೈಗೆ ಬಂದಾಗ ನಿಮ್ಮ ಹೆಸರು ಉಂಟೋ ಇಲ್ಲವೋ ಎಂದು ನೀವೇ ಓದಿ ನೋಡಿ.

ಬೂಸರು ಬಾರದ ಹಾಗೆ

ನಮ್ಮ ಮಳೆಗಾಲದಲ್ಲಿ ತೊಗಲಿಗೆ ಬೂಸರು ಬಾರದೆ ಇರದು. ಬಂದರೆ ಹೆದರಬೇಡಿ. ಒಣ ಬಟ್ಟೆಯಲ್ಲಿ ಒರಸಿ. ಗಾಳಿ ಆಡುವ ನೆರಳಿನಲ್ಲಿ ನೇತು ಹಾಕಿ. ಬಟ್ಟೆ ಒಣಗಿಸುವ ಹಾಗೆ ಒಲೆಯ ಮೇಲೆ ಕಟ್ಟಬೇಡಿ. ಬೆಂಕಿಯ ಕಾವಿಗೆ ತೊಗಲು ಸೆಟೆದು ಬಿರಿಯುತ್ತದೆ. ಒಣಗಿದ ಮೇಲೆ ಜೇನುಮೇಣ ಮತ್ತು ಹರಳೆಣ್ಣೆಯನ್ನು ಸ್ವಲ್ಪ ಬಿಸಿ ಮಾಡಿ ಬೆರೆಸಿ. ಆರಿದ ಮೇಲೆ ಬಟ್ಟೆಯ ತುಂಡಿನಿಂದ ತೆಳ್ಳಗೆ ಉಜ್ಜಿ. ಮಳೆಗೆ ಮೊದಲು ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ. ಹೆಚ್ಚು ಎಣ್ಣೆ ಬಳಿದರೆ ತೊಗಲು ಮೆತ್ತಗಾಗಿ ಜೋಲುತ್ತದೆ. ಇಲಿಗೂ ಆ ವಾಸನೆ ಇಷ್ಟ. ನಮ್ಮ ಒಂದು ಸಂಚಿಯ ಮುಚ್ಚಳ ಇಲಿಗೇ ಹೋಯಿತು.

ಅಭ್ಯಾಸ

ಇವನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ.

ನನ್ನ ಸೊಂಟದ ಅಳತೆ ........ ಇಂಚು. ಅದಕ್ಕೆ 8 ಸೇರಿಸಿದರೆ ಪಟ್ಟಿಯ ಉದ್ದ ........ ಇಂಚು.

ಕ್ಯಾನ್ವಾಸಿಗೆ ........ ರೂಪಾಯಿ. ತೊಗಲಿಗೆ ........ ರೂಪಾಯಿ. ನೂಲು, ದಬ್ಬಳಕ್ಕೆ ........ ರೂಪಾಯಿ. ಒಟ್ಟು ........ ರೂಪಾಯಿ.

ಮೊದಲ ದಿನ ಸಂಚಿಯಲ್ಲಿ ತಂದದ್ದು ................ . ಮನೆಗೆ ಇಟ್ಟದ್ದು ........ . ಮಾರಿದ್ದು ........ . ಸಿಕ್ಕಿದ ಹಣ ........ ರೂಪಾಯಿ.